ತಂಬಿಗೆಯ ಮೇಲಿನ ಎರಡಕ್ಷರ

ನಮ್ಮ ಮನೆಯಲ್ಲೊಂದು ಹಿತ್ತಾಳೆ ತಂಬಿಗೆ ಇದೆ. ಕಂಠದ ಕೆಳಗೆ, ಹೊಟ್ಟೆ ಉಬ್ಬಲು ಶುರುವಾಗುವ ಜಾಗದಲ್ಲಿ, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಎರಡಕ್ಷರ: ‘ಸೋ. ಚಿ.’ ಅದರ ಮುಂದೆ ತಾರೀಕು. ದಿನದ ಅಂಕಿ ಸವೆದುಹೋಗಿದೆ, ‘5-47’ ಮಾತ್ರ ಉಳಿದಿದೆ. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಅಕ್ಷರಗಳು ಕಣ್ಣಿಗೆ ಮಸುಕಾಗಿವೆ. ಬೆರಳಾಡಿಸಿದರೆ ಮಾತ್ರ ಚುಕ್ಕಿಗಳು ಇನ್ನೂ ತಗಲುತ್ತವೆ.

ನಮ್ಮಜ್ಜಿ ಬೆಂಗಳೂರಿನ ಬಿನ್ನಿಪೇಟೆಯ ವಠಾರಕ್ಕೆ ಸೊಸೆಯಾಗಿ ಬಂದಾಗ ತಂದ ಪಾತ್ರೆಗಳಲ್ಲಿ ಉಳಿದದ್ದು ಇದೊಂದೇ. ತಾತ ಮಿಲ್ಲಿನಲ್ಲಿದ್ದರು. ಅಪ್ಪನಿಗೆ ನಾಲ್ಕು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡರಂತೆ. ಅಲ್ಲಿಗೆ ಅವರ ತವರಿನ ಹೊಕ್ಕುಬಳಕೆ ನಿಂತಿತು. ಅಜ್ಜಿ ಯಾವ ಊರ ಮಗಳು ಎಂದು ಕೇಳಿದರೆ ಅಪ್ಪ, ‘ಹಳ್ಳಿ ಕಡೆಯೋರು’ ಅನ್ನುತ್ತಿದ್ದರು. ಬೆಂಗಳೂರಿನ ಸುತ್ತ ಹಳ್ಳಿಗಳಿಗೇನು ಬರವೇ?

ಕಳೆದ ಎರಡು ವರ್ಷ ಬಿಡುವಾದಾಗಲೆಲ್ಲ ಈ ಎರಡಕ್ಷರದ ಬೆನ್ನು ಹತ್ತಿದ್ದೆ. ಹಳೆಯ ಮಿಲ್ ಪೇಟೆಗಳ ಮನೆತನಗಳ ಮೂಲ ಹುಡುಕುವುದು ಹೇಗೆ, ಎಲ್ಲೆಲ್ಲಿ ಏನು ಸಿಗುತ್ತದೆ ಎಂಬುದನ್ನು ಹೇಳಲು ಈ ಬರಹ. ಬಹುಪಾಲು ಸಿಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

‘ವಂಶವೃಕ್ಷ’ ಎಂದರೆ ಓದುವವರಿಗೆ ಭೈರಪ್ಪನವರ ಕಾದಂಬರಿ ನೆನಪಾಗಬಹುದು. ಉಳಿದವರಿಗೆ ಅದು ನಾಡಕಚೇರಿಯಲ್ಲಿ ಕೊಡುವ ಕಾಗದ. ಮನೆಯ ಹಿರಿಯರು ತೀರಿಕೊಂಡರೆ ಮರಣ ಪ್ರಮಾಣಪತ್ರ, ಅಫಿಡವಿಟ್ಟು, ಆಧಾರ್ ಹಿಡಿದುಕೊಂಡು ಹೋಗಬೇಕು. ಅಕ್ಕಪಕ್ಕದವರ ಹೇಳಿಕೆ ಪಡೆದು ಮಹಜರು ಮಾಡುತ್ತಾರೆ. ಕೊನೆಗೆ ಮುದ್ರೆ ಒತ್ತಿದ ಚಿತ್ರವೊಂದು ಕೈಗೆ ಬರುತ್ತದೆ. ಖಾತೆ ಬದಲಾಗಲು, ಬ್ಯಾಂಕಿನ ದುಡ್ಡು ಬಿಡಿಸಿಕೊಳ್ಳಲು ಅದು ಬೇಕು. ಹಂಚಿಕೊಳ್ಳಲು ಏನಾದರೂ ಇದ್ದವರಿಗಷ್ಟೇ ವಂಶ, ವೃಕ್ಷ ಎರಡೂ. ಬಾಡಿಗೆ ಮನೆಯಲ್ಲೇ ಹುಟ್ಟಿ ಬಾಡಿಗೆ ಮನೆಯಲ್ಲೇ ಸತ್ತ ನಮ್ಮ ತಾತನ ಹೆಸರಿನಲ್ಲಿ ಅಂಥ ಕಾಗದ ಯಾರೂ ಮಾಡಿಸಲಿಲ್ಲ, ಮಾಡಿಸುವ ಜರೂರೂ ಬೀಳಲಿಲ್ಲ.

ಹಳ್ಳಿಯಲ್ಲಿ ಹೀಗಿರಲಿಲ್ಲ. ಅಲ್ಲಿ ಮನೆತನದ ಲೆಕ್ಕ ಇಡುವುದನ್ನೇ ಕಸುಬು ಮಾಡಿಕೊಂಡವರಿದ್ದರು. ಅವರೇ ಹೆಳವರು. ಹೆಳವ ಎಂದರೆ ಕಾಲಿಲ್ಲದವನು. ಮೂಲಪುರುಷ ಕುಂಟನಾಗಿದ್ದ, ಎತ್ತಿನ ಮೇಲೆ ಕೂತು ಊರೂರು ತಿರುಗಿದ ಎಂದು ಅವರ ಕತೆ. ಸುಗ್ಗಿ ಮುಗಿದ ಮೇಲೆ ಎತ್ತು, ಗಂಟೆಗಳೊಂದಿಗೆ ಒಕ್ಕಲುಗಳ ಮನೆಬಾಗಿಲಿಗೆ ಬರುವುದು, ಆ ಮನೆಯ ಬೆಡಗು ಯಾವುದು, ಮನೆದೇವರು ಯಾರು, ಮೂಲ ಊರು ಯಾವುದು, ಯಾವ ಕಾಲಕ್ಕೆ ಯಾರು ಎಲ್ಲಿಗೆ ಗುಳೆ ಹೋದರು, ಯಾರಿಗೆ ಎಷ್ಟು ಮಕ್ಕಳು ಎಂದು ಒಂದೇ ಉಸಿರಿಗೆ ಹೇಳುವುದು. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನೂ ಸೇರಿಸಿಕೊಳ್ಳುವುದು. ಬದಲಿಗೆ ದವಸ, ದುಡ್ಡು, ಅನುಕೂಲಸ್ಥರ ಮನೆಯಾದರೆ ಒಂದು ಹಸು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಹೆಳವರು ಬರುವ ಮನೆಗಳಿವೆ. ಕೆಲವರ ಕೈಯಲ್ಲಿ ತಾಳೆಗರಿಯಲ್ಲಿ ಬರೆದದ್ದು ದಪ್ಪ ನೋಟ್‌ಬುಕ್ಕಿಗೆ ಇಳಿದಿದೆ.

ಇನ್ನೊಬ್ಬ ಶಾನುಭೋಗ. ಅವನ ಕಡತ ಈಗ ಹೆಸರಷ್ಟೇ ಉಳಿದು ಆಫೀಸಿನ ಫೈಲಾಗಿದೆ. ಮೊದಲು ಅದು ನಿಜಕ್ಕೂ ಬಟ್ಟೆ: ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಯಾರ ಹೊಲ, ಯಾರ ಕಂದಾಯ, ಅಪ್ಪ ಸತ್ತ ಮೇಲೆ ಯಾರ ಹೆಸರಿಗೆ ಬಂತು ಎಂಬುದೆಲ್ಲ ಅದರಲ್ಲಿ. 1961ರ ಕಾಯ್ದೆ ಶಾನುಭೋಗಿಕೆಯನ್ನು ರದ್ದು ಮಾಡಿತು. ಹಳೆಯ ದಾಖಲೆ ತಾಲ್ಲೂಕು ಕಚೇರಿ ಸೇರಿದ್ದೂ ಇದೆ, ಅಟ್ಟದಲ್ಲಿ ಇಲಿಗಳ ಪಾಲಾದದ್ದೂ ಇದೆ. ಅಲ್ಲೂ ಗಮನಿಸಿ, ಲೆಕ್ಕ ಇದ್ದದ್ದು ಹೊಲ ಇದ್ದವರದ್ದು.

ಮಿಲ್ಲಿಗೆ ಬಂದವರು ಹೊಲ ಇಲ್ಲದವರು, ಅಥವಾ ಇದ್ದ ಹೊಲ ಅಣ್ಣನಿಗೆ ಬಿಟ್ಟು ಬಂದವರು. 1884ರಲ್ಲಿ ಶುರುವಾದ ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲು ಎರಡೇ ವರ್ಷದಲ್ಲಿ ಮದರಾಸಿನ ಬಿನ್ನಿ ಕಂಪನಿಯ ಕೈಗೆ ಹೋಯಿತು. ಆ ಉದ್ದನೆ ಹೆಸರನ್ನು ಜನ ಒಂದು ದಿನವೂ ಹೇಳಲಿಲ್ಲ, ಬಿನ್ನಿ ಮಿಲ್ಲು ಎಂದೇ ಕರೆದರು. ಆಮೇಲೆ ಮಲ್ಲೇಶ್ವರದ ಅಂಚಿಗೆ ರಾಜಾ ಮಿಲ್ಲು, ಮಾಗಡಿ ರಸ್ತೆಯ ಕಡೆ ಮಿನರ್ವಾ ಮಿಲ್ಲು ಬಂದವು. ಕಾಟನ್‌ಪೇಟೆ, ಅಕ್ಕಿಪೇಟೆ, ಗೋಪಾಲಪುರ, ಓಕಳೀಪುರ, ಶ್ರೀರಾಮಪುರಗಳಲ್ಲಿ ವಠಾರಗಳು ತುಂಬಿಕೊಂಡವು. ಮಾಗಡಿ, ಕುಣಿಗಲ್, ನೆಲಮಂಗಲದ ಒಕ್ಕಲು ಮಕ್ಕಳು, ತಮಿಳು ಸೀಮೆಯವರು, ತೆಲುಗರು, ಪೇಟೆಯಲ್ಲಿ ಮಗ್ಗ ಮುಚ್ಚಿದ ನೇಕಾರರು ಒಂದೇ ನಲ್ಲಿಯ ಮುಂದೆ ಕೊಡ ಇಟ್ಟರು. ಮಿಲ್ಲು ಕೂಗಿದಾಗ ಎದ್ದರು, ಕೂಗಿದಾಗ ಬಂದರು. ಆ ನಲ್ಲಿಯ ಮುಂದಕ್ಕೆ ಯಾವ ಹೆಳವನ ಎತ್ತೂ ಬರಲಿಲ್ಲ.

ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು, ಮಾಲು. ರಾಜಾ ಮಿಲ್ಲಿನ ಜಾಗದಲ್ಲಿ ಇನ್ನೊಂದು ಮಾಲು. ಮಿನರ್ವಾ ಮಿಲ್ಲಿನ ಹೆಸರು ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟು 1980ರಲ್ಲಿ ಮತ್ತೆ ಗಟ್ಟಿಗೊಳಿಸಿದ್ದು ಆ ಮಿಲ್ಲಿನ ಮಾಲೀಕರು ಹೂಡಿದ ಮೊಕದ್ದಮೆಯಲ್ಲಿ. ದೇಶಕ್ಕೆಲ್ಲ ಗೊತ್ತಿರುವ ಆ ಹೆಸರಿನ ಹಿಂದೆ ನೂಲು ಎಳೆದವರು ಯಾರ್‍ಯಾರು ಎಂದು ಹುಡುಕಿದರೆ ಪಟ್ಟಿ ಸಿಗುವುದಿಲ್ಲ. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಓದಿದರೆ ಮೈಸೂರು ಸಂಸ್ಥಾನದ ಕಾರ್ಮಿಕರ ಬದುಕು ಹೇಗಿತ್ತೆಂದು ಗೊತ್ತಾಗುತ್ತದೆ. ನಿಮ್ಮ ತಾತ ಅಲ್ಲಿಲ್ಲ.

ಹಾಗಾದರೆ ಎಲ್ಲಿದ್ದಾರೆ? ಟ್ರಂಕಿನಲ್ಲಿ. ಮೊದಲು ಅದನ್ನು ಕೆಳಗಿಳಿಸಿ. ಇ.ಎಸ್.ಐ. ಕಾಯ್ದೆ 1948ರದ್ದು, ಪಿ.ಎಫ್. ಕಾಯ್ದೆ 1952ರದ್ದು. ಆಮೇಲೆ ಮಿಲ್ಲಿನಲ್ಲಿದ್ದವರಾದರೆ ಹೆಂಡತಿ ಮಕ್ಕಳ ಹೆಸರು, ವಯಸ್ಸು ಬರೆದ ಒಂದಾದರೂ ಕಾರ್ಡು, ನಾಮಿನಿ ಫಾರಮ್ಮು ಇದ್ದೀತು. ಶಾಲೆಯ ಟಿ.ಸಿ. ಸಿಕ್ಕರೆ ಜಾತಿ, ಅಪ್ಪನ ಹೆಸರು ನಂಬಬಹುದು. ಹುಟ್ಟಿದ ತಾರೀಕನ್ನು ಮಾತ್ರ ನಂಬಬೇಡಿ. ನಮ್ಮ ಮೇಷ್ಟರುಗಳು ಅರ್ಧ ನಾಡನ್ನು ಜೂನ್ ತಿಂಗಳ ಆಜುಬಾಜಿನಲ್ಲೇ ಹುಟ್ಟಿಸಿದ್ದಾರೆ. ರೇಷನ್ ಕಾರ್ಡು, ಹಳೆಯ ಮತದಾರರ ಪಟ್ಟಿ ಇದ್ದರೆ ಇರಲಿ, ಮನೆ ನಂಬರಾದರೂ ಗೊತ್ತಾಗುತ್ತದೆ.

ನನ್ನ ಅನುಭವದಲ್ಲಿ ಇವೆಲ್ಲಕ್ಕಿಂತ ದೊಡ್ಡ ಆಸ್ತಿ ಲಗ್ನಪತ್ರಿಕೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಆ ಕಾಗದವನ್ನು ಯಾರೂ ಹರಿಯುವುದಿಲ್ಲ, ದೇವರ ಗೂಡಿನ ಹಿಂದೆಯೋ ಸೀರೆಯ ಮಡಿಕೆಯಲ್ಲೋ ಉಳಿದಿರುತ್ತದೆ. ವಧೂವರರ ಅಪ್ಪ, ತಾತ, ಊರು ಮೊದಲು. ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಎಂಬ ಸಾಲಿನಿಂದ ನಿಜವಾದ ಕತೆ ಶುರು. ದೊಡ್ಡಪ್ಪಂದಿರು, ಸೋದರಮಾವಂದಿರು, ಭಾವಂದಿರು, ಅವರ ಮುಂದೆ ಬ್ರಾಕೆಟ್ಟಿನಲ್ಲಿ ‘ಬಿನ್ನಿ ಮಿಲ್’, ‘ರೈಲ್ವೆ’, ಆಮೇಲಾಮೇಲೆ ‘ಎಚ್.ಎಂ.ಟಿ.’, ‘ಐ.ಟಿ.ಐ.’. ನಮ್ಮ ಮನೆಯ ಮೂರು ಪತ್ರಿಕೆಗಳನ್ನು ಸಾಲಾಗಿ ಇಟ್ಟು ನೋಡಿದೆ. ಮಿಲ್ಲಿನಿಂದ ಸರ್ಕಾರಿ ಕಾರ್ಖಾನೆಗೆ, ವಠಾರದಿಂದ ರಾಜಾಜಿನಗರಕ್ಕೆ ಒಂದು ಕುಲ ನಡೆದುಹೋದದ್ದು ಆ ಬ್ರಾಕೆಟ್ಟುಗಳಲ್ಲೇ ಕಾಣುತ್ತಿತ್ತು. ಯಾರ ಹೆಸರು ಮೊದಲ ಪತ್ರಿಕೆಯಲ್ಲಿದ್ದು ಎರಡನೆಯದರಲ್ಲಿ ಬಿಟ್ಟುಹೋಗಿದೆ ನೋಡಿ. ಒಂದೋ ಅವರು ಸತ್ತಿರುತ್ತಾರೆ, ಇಲ್ಲವೇ ಮನೆಯಲ್ಲಿ ಜಗಳವಾಗಿರುತ್ತದೆ.

ಸಾವಿನ ಲೆಕ್ಕಕ್ಕೆ ಈ ದಾರಿ ಇಲ್ಲ. ಸೂತಕದ ಕಾಗದವನ್ನು ಓದಿ ಹೊರಗೇ ಹರಿದು ಬಿಸಾಡುವುದು ನಮ್ಮಲ್ಲಿ ರೂಢಿ. ಹಾಗಾಗಿ ಎಷ್ಟೋ ಮನೆಗಳಲ್ಲಿ ಮದುವೆಯ ತಾರೀಕು ಪಕ್ಕಾ ಇರುತ್ತದೆ, ಸತ್ತ ತಾರೀಕು ‘ಮಹಾಲಯ ಅಮಾವಾಸ್ಯೆಗೆ ಎಡೆ ಇಡ್ತೀವಲ್ಲ’ ಎಂಬಲ್ಲಿಗೆ ನಿಲ್ಲುತ್ತದೆ. ಹಿರಿಯರು ವರ್ಷ ಹೇಳುವುದೂ ಹಾಗೇ. ‘ವಿಳಂಬಿ ಸಂವತ್ಸರದಲ್ಲಿ ಹುಟ್ಟಿದ್ದು’ ಎಂದರೆ 1898 ಆಗಬಹುದು, 1958 ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ‘ಪ್ಲೇಗು ಬಂದ ವರ್ಷ’ ಎಂಬ ಒಂದು ಮಾತು ಜೊತೆಗೆ ಸಿಕ್ಕರೆ ಗಂಟು ಬಿಚ್ಚುತ್ತದೆ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ, ವಿಳಂಬಿಯಲ್ಲೇ.

ಸರ್ಕಾರದ ಕಾಗದ ಹುಡುಕುವವರು ಒಂದು ವಿಷಯ ನೆನಪಿಡಬೇಕು. ಬೆಂಗಳೂರು ಒಂದೂರಲ್ಲ, ಎರಡೂರು. 1881ರಲ್ಲಿ ರಾಜ್ಯ ಮೈಸೂರು ಅರಸರಿಗೆ ವಾಪಸಾದಾಗ ದಂಡನ್ನು, ಅಂದರೆ ಕಂಟೋನ್ಮೆಂಟನ್ನು, ಬ್ರಿಟಿಷರು ತಮ್ಮಲ್ಲೇ ಉಳಿಸಿಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ, ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಕಾಟನ್‌ಪೇಟೆಯ ಮಿಲ್ ಕಾರ್ಮಿಕನೂ ಶಿವಾಜಿನಗರದ ಅವನ ಷಡ್ಡಕನೂ ಬೇರೆ ಬೇರೆ ಸರ್ಕಾರಗಳ ಪ್ರಜೆಗಳು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗುವ ಮುನ್ನ ನಿಮ್ಮವರು ಪೇಟೆಯವರೋ ದಂಡಿನವರೋ ಖಾತ್ರಿ ಮಾಡಿಕೊಳ್ಳಿ. ಜನಗಣತಿಯ ಆಸೆ ಬಿಡಿ. 1948ರ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿಯವರು ಮನೆಮನೆಯಲ್ಲಿ ಬರೆದುಕೊಂಡದ್ದನ್ನು ಯಾರೂ ನೋಡುವಂತಿಲ್ಲ. ಕ್ರೈಸ್ತರಾದರೆ ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕ, ಮುಸ್ಲಿಮರಾದರೆ ಖಾಜಿಯವರ ನಿಕಾಹ್ ಪುಸ್ತಕ ಕೈ ಹಿಡಿದಾವು. ದಂಡಿನಲ್ಲಿ ಹುಟ್ಟಿದ ಬಿಳಿಯರ ಕೂಸುಗಳ ದೀಕ್ಷಾಸ್ನಾನದ ಲೆಕ್ಕದ ಪ್ರತಿ ಸಮುದ್ರ ದಾಟಿ ಹೋಗಿ, ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿದೆ. ಅದೇ ಊರಿನ ವಠಾರದಲ್ಲಿ ಹುಟ್ಟಿದ ಕೂಸಿಗೆ ಸೂಲಗಿತ್ತಿಯ ನೆನಪೇ ದಾಖಲೆ.

ತಂಬಿಗೆಗೆ ಬರುತ್ತೇನೆ. ಹಳೇ ಮೈಸೂರಿನ ಹೆಸರುಗಳಲ್ಲಿ ಮೊದಲಕ್ಷರ ಸಾಮಾನ್ಯವಾಗಿ ಊರು, ಎರಡನೆಯದು ಅಪ್ಪ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದದ್ದು ಹಾಗೆ. ಆದರೆ ಊರೆಂದರೆ ಹುಟ್ಟಿದ ಊರೇ ಆಗಬೇಕಿಲ್ಲ. ಡಿ.ವಿ.ಜಿ. ಹುಟ್ಟಿದ್ದು ಮುಳಬಾಗಿಲಿನಲ್ಲಿ, ಅವರ ‘ಡಿ’ ದೇವನಹಳ್ಳಿ. ಪಾತ್ರೆಯ ಮೇಲಿನ ಅಕ್ಷರ ಮಾತ್ರ ಇದಕ್ಕಿಂತ ಸೂಕ್ಷ್ಮ. ಮಗಳ ಮದುವೆಗೆ ಕೊಟ್ಟ ಪಾತ್ರೆಗೆ ಕೊಟ್ಟವರ ಹೆಸರು ಹಾಕಿಸುತ್ತಾರೆ. ನಾಡಕಚೇರಿಯ ವಂಶವೃಕ್ಷದಲ್ಲಿ ಹೆಂಡತಿ ಎಂದರೆ ಬರೀ ಒಂದು ಹೆಸರು, ಅವಳಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಊರಿಲ್ಲ. ಅವಳ ವಂಶವನ್ನು ಹೊತ್ತು ಬಂದದ್ದು ತಂಬಿಗೆ, ಚೊಂಬು, ಕೊಳಗ. ಹಾಗೆ ನೋಡಿದರೆ ‘ಚಿ.’ ಅಜ್ಜಿಯ ಅಪ್ಪ, ‘ಸೋ.’ ಅವರ ಊರು. ಸೋಲೂರೋ ಸೋಲದೇವನಹಳ್ಳಿಯೋ ಸೋಂಪುರವೋ ಸೋಮನಹಳ್ಳಿಯೋ, ಬೆಂಗಳೂರಿನ ನಾಲ್ಕು ದಿಕ್ಕಿಗೂ ‘ಸೋ’ ಇದೆ.

ತವರಿನ ಮನೆದೇವರು ಗೊತ್ತಾದರೆ ದಿಕ್ಕು ಗೊತ್ತಾಗುತ್ತದೆ. ಅದನ್ನು ಯಾರನ್ನು ಕೇಳುವುದು? ವಠಾರ ಈಗ ನಾಲ್ಕಂತಸ್ತಿನ ಕಟ್ಟಡ. ಎರಡು ಬೀದಿಯಾಚೆ, ಅಜ್ಜಿಯ ಕಾಲದಲ್ಲಿ ಪಕ್ಕದ ಮನೆಯ ಹುಡುಗಿಯಾಗಿದ್ದ ಒಬ್ಬರು ಮಗನ ಮನೆಯಲ್ಲಿದ್ದಾರೆಂದು ದಿನಸಿ ಅಂಗಡಿಯವರು ಹೇಳಿದರು. ತೊಂಬತ್ತರ ಹತ್ತಿರದ ವಯಸ್ಸು. ಹೋಗುವಾಗ ನೋಟ್‌ಬುಕ್ಕು, ಪ್ರಶ್ನೆಗಳ ಪಟ್ಟಿ ಎಲ್ಲ ಹಿಡಿದು ಹೋದೆ. ಅದೇ ತಪ್ಪಾಯಿತು. ‘ನಿಮಗೆ ನಮ್ಮಜ್ಜಿ ಗೊತ್ತಾ ಅಮ್ಮ?’ ಎಂದದ್ದಕ್ಕೆ, ‘ಹ್ಞೂಂ, ಗೊತ್ತು’ ಅಂದು ಸುಮ್ಮನಾದರು. ಬ್ಯಾಂಕಿನವನೆಂದುಕೊಂಡರೋ ಏನೋ. ಎರಡನೆಯ ಸಲ ಪಟ್ಟಿ ಬಿಟ್ಟು ತಂಬಿಗೆ ಒಯ್ದೆ.

ಕೈಗೆ ತೆಗೆದುಕೊಂಡವರು ಸೆರಗಿನಲ್ಲೊಮ್ಮೆ ಒರೆಸಿದರು. ಮಾತು ತಾನಾಗಿ ಬಂತು. ‘ಇದ್ರಲ್ಲೇ ನಂಗೆ ಮಜ್ಜಿಗೆ ಕೊಡೋಳು. ನಿಮ್ಮಪ್ಪನ ಮುಡಿ ಎಲ್ಲಿ ಕೊಡ್ಬೇಕು ಅಂತ ಅತ್ತೆ ಸೊಸೆಗೆ ಜಗಳಾನೋ ಜಗಳ ಕಣಪ್ಪ. ನಮ್ಮಪ್ಪನ ಮನೆದೇವ್ರು ಸಾವಂದಿ ವೀರಭದ್ರ, ಹರಕೆ ಹೊತ್ತೀನಿ, ಅಲ್ಲೇ ಕೊಡ್ಬೇಕು ಅನ್ನೋಳು. ಕೊನೆಗೂ ಎರಡೂ ಕಡೆ ಒಂದೊಂದು ಜುಟ್ಟು ಕೊಟ್ರು.’

ಸಾವನದುರ್ಗದ ತಪ್ಪಲಿನ ವೀರಭದ್ರ. ಮಾಗಡಿ ತಾಲ್ಲೂಕು. ಆಗ ಆ ತಾಲ್ಲೂಕಿನ ‘ಸೋ’ ಎಂದರೆ ಸೋಲೂರು. ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ಇದಲ್ಲ, ಆ ದೇವರಿಗೆ ದೂರದ ಊರುಗಳಲ್ಲೂ ಒಕ್ಕಲಿದ್ದಾರೆ. ಆದರೂ ಬರುವ ವಾರ ಸೋಲೂರಿಗೆ ಹೋಗಿ, ‘ಚಿ’ ಹೆಸರಿನ ಹಿರಿಯರು ಯಾರ ಮನೆಯಲ್ಲಿದ್ದರು, ಅವರ ಮಗಳನ್ನು ಬೆಂಗಳೂರು ಮಿಲ್ಲಿನವರಿಗೆ ಕೊಟ್ಟಿದ್ದರೇ ಎಂದು ಕೇಳಲು ಅಷ್ಟು ಸಾಕು.

ಏಳುವ ಹೊತ್ತಿಗೆ ಅವರು ತಂಬಿಗೆಯನ್ನು ಬೋರಲು ಹಾಕಿ ತಳ ತೋರಿಸಿದರು. ಇಷ್ಟು ವರ್ಷ ನಾನು ನೋಡದ ಗೀಚು: ಮೊಳೆಯಿಂದ ಕೊರೆದಂತಿದ್ದ ಮೂರಂಕಿ.

‘ಇದೇನಮ್ಮ?’

‘ಗಿರವಿ ಅಂಗಡಿ ನಂಬ್ರು. ಸ್ಟ್ರೈಕ್ ಟೈಮಲ್ಲಿ ಇಟ್ಟಿದ್ಲು.’

‘ಯಾವ ಸ್ಟ್ರೈಕು? ಯಾವ ವರ್ಷ?’

ಅವರು ನಕ್ಕರು. ‘ಯಾವ್ದೂಂತ ಹೇಳ್ಲಪ್ಪ. ನಮ್ಮನೆ ಕೊಳಗ ಮೂರು ಸಲ ಹೋಗಿ ಬಂದಿತ್ತು.’