ಕೊಳ್ಳುವಾಗ ಅಗ್ಗ, ಸಾಕುವಾಗ ಆನೆ

ಸ್ಪೋರ್ಟ್ಸ್ ಕಾರೆಂದರೆ ನಮ್ಮ ವಯಸ್ಸಿನವರಿಗೆ ಅದೇನೋ ಮೋಹ. ಮೊಬೈಲ್ ತೆರೆದರೆ ಸಾಕು, ಸಾಮಾನ್ಯ ಕಾರಿನ ದುಡ್ಡಿಗೆ ಹಳೆಯ ಪೋರ್ಷೆ ಕೊಂಡವರ ವಿಡಿಯೊಗಳು ಒಂದರ ಹಿಂದೊಂದು ಬರುತ್ತವೆ. ಅವು ಪೂರ್ತಿ ಸುಳ್ಳೇನಲ್ಲ. 1999ರಲ್ಲಿ ಅಮೆರಿಕದಲ್ಲಿ ಸುಮಾರು 65 ಸಾವಿರ ಡಾಲರ್ ಬೆಲೆಯಿದ್ದ ಪೋರ್ಷೆ 911 ಕರೆರಾ, ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ 20 ಸಾವಿರ ಡಾಲರ್ ಆಸುಪಾಸಿಗೆ ಸಿಗತೊಡಗಿತ್ತು. ಸುಮಾರು 300 ಅಶ್ವಶಕ್ತಿಯ ಕಾರು ಮೂರನೇ ಒಂದು ಪಾಲು ಬೆಲೆಗೆ! ಆದರೆ ಅದು ಯಾಕೆ ಅಷ್ಟು ಅಗ್ಗವಾಯಿತು ಎಂದು ಕೇಳಿದರೆ ಉತ್ತರ ಸಿಗುವುದು ಗ್ಯಾರೇಜಿನಲ್ಲಿ.

ಈ ಕಾರಿನ ಒಳಹೆಸರು 996. 1960ರ ದಶಕದಿಂದ ಗಾಳಿಯಿಂದಲೇ ತಂಪಾಗುವ ಎಂಜಿನ್ ಹೊತ್ತು ಓಡುತ್ತಿದ್ದ 911ಕ್ಕೆ ಮೊದಲ ಬಾರಿ ನೀರಿನಿಂದ ತಂಪಾಗುವ ಎಂಜಿನ್ ಬಂದದ್ದು ಇದರಲ್ಲಿ, 1997ರಲ್ಲಿ. ಹೊಗೆ ಮತ್ತು ಸದ್ದಿನ ನಿಯಮಗಳು ಬಿಗಿಯಾಗಿದ್ದವು. 1990ರ ದಶಕದ ಆರಂಭದಲ್ಲಿ ಕಂಪನಿಯ ಕೈಯೂ ಕಟ್ಟಿತ್ತು. ಖರ್ಚು ಉಳಿಸಲು 911 ಮತ್ತು ಅದಕ್ಕಿಂತ ಅಗ್ಗದ ಬಾಕ್ಸ್‌ಸ್ಟರ್ ಎರಡೂ ಹಲವು ಭಾಗಗಳನ್ನು ಹಂಚಿಕೊಂಡವು. ಮುಂದಿನ ದೀಪಗಳೂ ಒಂದೇ ಥರ. ಅಭಿಮಾನಿಗಳು ಅವನ್ನು ‘ಕರಿದ ಮೊಟ್ಟೆ’ ಎಂದು ಗೇಲಿ ಮಾಡಿದರು. ದೀಪದ ಆಕಾರವನ್ನು ಸಹಿಸಿಕೊಳ್ಳಬಹುದಿತ್ತು, ತೊಂದರೆ ಇದ್ದದ್ದು ಎಂಜಿನ್ನಿನ ಒಳಗೆ.

ಆ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ತಿರುಗುವಿಕೆಯನ್ನು ಕ್ಯಾಮ್‌ಶಾಫ್ಟ್‌ಗಳಿಗೆ ದಾಟಿಸಲು ನಡುವೆ ಇನ್ನೊಂದು ಶಾಫ್ಟ್ ಇದೆ. ಅದರ ಒಂದು ತುದಿ ಕೂತಿರುವುದು ಗ್ರೀಸ್ ತುಂಬಿ ಮುಚ್ಚಿದ ಒಂದು ಬಾಲ್ ಬೇರಿಂಗ್ ಮೇಲೆ. ವರ್ಷಗಳು ಕಳೆದಂತೆ ಸೀಲ್ ಸವೆದು ಗ್ರೀಸ್ ತೊಳೆದುಹೋಗುತ್ತದೆ. ಅದೇ ಸೀಲ್‌ನಿಂದಾಗಿ ಹೊಸ ಆಯಿಲ್ ಕೂಡ ಸಾಕಷ್ಟು ಒಳಗೆ ಹೋಗುವುದಿಲ್ಲ. ಬೇರಿಂಗ್ ಒಣಗುತ್ತದೆ, ಸವೆಯುತ್ತದೆ, ಒಂದು ದಿನ ಒಡೆಯುತ್ತದೆ. ಶಾಫ್ಟ್ ಅಲುಗಿ ಟೈಮಿಂಗ್ ತಪ್ಪಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಲೋಹದ ಚೂರುಗಳು ಆಯಿಲ್ ಜೊತೆ ಎಂಜಿನ್ ತುಂಬ ಹರಡುತ್ತವೆ. ಅಂಗೈಯಲ್ಲಿ ಹಿಡಿಸುವ ಒಂದು ಬೇರಿಂಗ್‌ನಿಂದ ಇಡೀ ಎಂಜಿನ್ ಗುಜರಿಗೆ! ಹೊಸ ಎಂಜಿನ್ ಕೂರಿಸುವ ಖರ್ಚು ಕಾರಿನ ಮಾರುಕಟ್ಟೆ ಬೆಲೆಯ ಹತ್ತಿರಕ್ಕೇ ಹೋಗಿಬಿಡುತ್ತಿತ್ತು.

ಹಾಗಂತ ಎಲ್ಲ ಕಾರುಗಳೂ ಹೀಗೆ ಕೆಡಲಿಲ್ಲ. ಮೊದಲ ವರ್ಷಗಳ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು, ಅದು ಗಟ್ಟಿ. ಆಮೇಲೆ ಬಂದ ಒಂದೇ ಸಾಲಿನದ್ದು ಹೆಚ್ಚು ಕೈಕೊಟ್ಟಿತು. ಅಮೆರಿಕದಲ್ಲಿ ಮಾಲೀಕರು ಕೋರ್ಟಿಗೆ ಹೋದರು, 2013ರಲ್ಲಿ ರಾಜಿಯಾಯಿತು. ಆದರೆ ಪರಿಹಾರಕ್ಕೆ ಕಾರಿನ ವಯಸ್ಸಿನ ಮಿತಿ ಇತ್ತು. ಮೂರನೆಯವರೋ ನಾಲ್ಕನೆಯವರೋ ಆಗಿ ತಡವಾಗಿ ಕೊಂಡವರಿಗೆ ಅದರಿಂದ ಉಪಯೋಗವಿರಲಿಲ್ಲ. ಅದೇ ಕಾಲದ 911 ಟರ್ಬೊ ಮತ್ತು ಜಿಟಿ3ಗಳಲ್ಲಿ ಬೇರೆಯೇ ಎಂಜಿನ್ ಇತ್ತು, ಈ ರೋಗ ಅವಕ್ಕೆ ತಗುಲಲಿಲ್ಲ. ಅವುಗಳ ಬೆಲೆ ಅಷ್ಟು ಕುಸಿಯಲೂ ಇಲ್ಲ. ಅಂದರೆ ಅಗ್ಗದ ಬೆಲೆಯೊಳಗೆ ಮುಂದಿನ ರಿಪೇರಿಯ ಭಯವೂ ಸೇರಿತ್ತು.

ಬೇರಿಂಗ್ ಬದಲಿಸಬಹುದಲ್ಲ ಎನ್ನಬಹುದು. ಬದಲಿಸಬಹುದು. ಆದರೆ ಅದು ಕೂತಿರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿ, ಫ್ಲೈವೀಲ್ ತೆಗೆದ ಮೇಲೆ ಅದು ಕಣ್ಣಿಗೆ ಬೀಳುತ್ತದೆ. ಹಾಗಾಗಿ ತಿಳಿದವರು ಕ್ಲಚ್ ಹಾಕಿಸುವಾಗಲೇ ಬೇರಿಂಗನ್ನೂ, ಪಕ್ಕದಲ್ಲಿ ಆಯಿಲ್ ಜಿನುಗಿಸುವ ಸೀಲನ್ನೂ ಬದಲಿಸಿಬಿಡುತ್ತಾರೆ. ಒಂದೇ ಕೂಲಿಯಲ್ಲಿ ಮೂರು ಕೆಲಸ. ಅಂದಹಾಗೆ, ಈ ದೋಷವನ್ನೇ ಹಿಡಿದು ಅಮೆರಿಕದ ಕೆಲವು ಚಿಕ್ಕ ವರ್ಕ್‌ಶಾಪ್‌ಗಳು ಸೆರಾಮಿಕ್ ಗುಂಡುಗಳ ಗಟ್ಟಿ ಬೇರಿಂಗ್ ತಯಾರಿಸಿ ಹೆಸರು ಮಾಡಿದವು. ಮೆಕ್ಯಾನಿಕಲ್ ಅಥವಾ ಐಟಿಐ ಓದುತ್ತಿರುವ ಗೆಳೆಯರು ಗಮನಿಸಬೇಕಾದ ಮಾತಿದು.

ಉಳಿದ ಖರ್ಚುಗಳಾದರೂ ಕಡಿಮೆಯೇ? ನಮ್ಮ ಚಿಕ್ಕ ಕಾರುಗಳಿಗೆ ಮೂರು ಲೀಟರ್ ಚಿಲ್ಲರೆ ಆಯಿಲ್ ಸಾಕು, ಇದಕ್ಕೆ ಒಮ್ಮೆಗೆ ಎಂಟು ಲೀಟರ್ ದಾಟುತ್ತದೆ. ಅಗಲವಾದ ಮೆತ್ತನೆಯ ಹಿಂದಿನ ಟೈರುಗಳು ಬೇಗ ಸವೆಯುತ್ತವೆ. ಮುಂದಿನ ಬಂಪರಿನ ತೂತುಗಳಲ್ಲಿ ಒಣ ಎಲೆ ತುಂಬಿ, ತೇವ ಹಿಡಿದು, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ಕೊರೆಯುತ್ತವೆ. ಕೂಲಂಟ್ ತುಂಬುವ ಪ್ಲಾಸ್ಟಿಕ್ ಟ್ಯಾಂಕ್ ವಯಸ್ಸಾದಂತೆ ಬಿರಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಸಿಲಿಂಡರ್ ಗೋಡೆಗೇ ಗೀರು ಬೀಳುತ್ತದೆ. ಅದನ್ನು ಸಣ್ಣ ಕ್ಯಾಮೆರಾ ತೂರಿಸಿಯೇ ನೋಡಬೇಕು. ‘ಕಡಿಮೆ ಓಡಿದೆ, ಚೆನ್ನಾಗಿದೆ’ ಎಂಬ ಮಾತೂ ಇಲ್ಲಿ ನಡೆಯುವುದಿಲ್ಲ. ವರ್ಷಗಟ್ಟಲೆ ಷೆಡ್ಡಿನಲ್ಲಿ ನಿಂತ ಕಾರಿನ ರಬ್ಬರ್ ಒಣಗಿರುತ್ತದೆ, ಆಯಿಲ್ ಹಳತಾಗಿರುತ್ತದೆ.

ಇಷ್ಟರಿಂದ ತಿಳಿಯುವುದು ಒಂದೇ. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಕೊಂಡದ್ದು 20 ಸಾವಿರ ಡಾಲರ್ ಕಾರಾದರೂ ಸಾಕಬೇಕಾದದ್ದು 65 ಸಾವಿರ ಡಾಲರ್ ಕಾರನ್ನೇ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಮೂರು ವರ್ಷಕ್ಕಿಂತ ಹಳೆಯ ಕಾರನ್ನು ವಿದೇಶದಿಂದ ತರಿಸಿಕೊಳ್ಳಲು ನಮ್ಮಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ. ಹಾಗಾಗಿ ವಿಡಿಯೊದ ಆ ಪೋರ್ಷೆ ನಮ್ಮ ಮನೆ ಮುಂದೆ ಬಂದು ನಿಲ್ಲುವುದಿಲ್ಲ. ಆದರೆ ಇದೇ ಲೆಕ್ಕ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ಅಂಗಡಿಗಳಲ್ಲಿ ಕಾದು ಕೂತಿದೆ. ನನ್ನ ಗೆಳೆಯನೊಬ್ಬನಿಗೆ ಕಳೆದ ವರ್ಷ ಕೆಲಸ ಸಿಕ್ಕಿತು. ಮೂರನೇ ಸಂಬಳ ಬರುವಷ್ಟರಲ್ಲಿ ಹನ್ನೆರಡು ವರ್ಷ ಹಳೆಯದೊಂದು ಜರ್ಮನ್ ಕಾರು ನೋಡಿ ಬಂದಿದ್ದ. ‘ಹೊಸ ಚಿಕ್ಕ ಕಾರಿನ ರೇಟಿಗೆ ಇಂಥ ಗಾಡಿ ಬರುತ್ತೆ ಕಣೋ’ ಎಂದು ಕುಣಿಯುತ್ತಿದ್ದ. ಊರಲ್ಲಿ ತಂಗಿಯ ಓದು ಇನ್ನೂ ಮುಗಿದಿಲ್ಲ, ಅವನದೇ ಶಿಕ್ಷಣ ಸಾಲದ ಕಂತು ಆಗಷ್ಟೇ ಶುರುವಾಗುವುದರಲ್ಲಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆವು. ಅವರು ಬಾನೆಟ್ ಎತ್ತುವ ಮೊದಲೇ ಕೇಳಿದರು: ‘ಕಾರಿಗೆ ಕೊಟ್ಟು ಕೈಯಲ್ಲಿ ಎಷ್ಟು ಉಳಿಯುತ್ತೆ?’

‘ಏನೂ ಉಳಿಯಲ್ಲಣ್ಣ, ಕಾರಿಗೇ ಲೋನ್ ಮಾಡ್ತಿದ್ದೀನಿ.’

‘ಹಾಗಾದ್ರೆ ಇದು ನಿಂಗೆ ಬೇಡಪ್ಪ.’

ಆದರೂ ನೋಡಿದರು. ಗೇರ್‌ಬಾಕ್ಸ್ ಜಗ್ಗುತ್ತಿತ್ತು, ಸಸ್ಪೆನ್ಷನ್ ಬುಷ್‌ಗಳು ಹೋಗಿದ್ದವು, ಎಂಜಿನ್ ಕೆಳಗೆ ಆಯಿಲ್ ಜಿನುಗಿತ್ತು. ಚೀಟಿಯ ಹಿಂದೆ ಬರೆದುಕೊಟ್ಟ ಲೆಕ್ಕ ಎರಡು ಲಕ್ಷ ದಾಟಿತ್ತು. ಗೆಳೆಯ ಎರಡು ದಿನ ಮುಖ ಊದಿಸಿಕೊಂಡಿದ್ದ. ಕಾರು ಮಾತ್ರ ಕೊಳ್ಳಲಿಲ್ಲ.

ಆಸೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ತಿಳಿದು ಕೊಂಡವರು 996ನ್ನು ಇವತ್ತಿಗೂ ಖುಷಿಯಿಂದ ಓಡಿಸುತ್ತಿದ್ದಾರೆ, ಅದರ ಬೆಲೆಯೂ ಮತ್ತೆ ಏರಿದೆ. ಕೊಳ್ಳುವ ಮುನ್ನ ನಾಲ್ಕು ಕೆಲಸ ಮಾಡಿದರೆ ಸಾಕು. ಹಳೆಯ ಸರ್ವಿಸ್ ಬಿಲ್‌ಗಳನ್ನು ಕೇಳಿ, ‘ಕಳೆದುಹೋಗಿದೆ’ ಎಂದರೆ ಅನುಮಾನಿಸಿ. ಮಾರುವವರ ಕಡೆಯವರಲ್ಲದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟೇ ತಪಾಸಣೆ ಮಾಡಿಸಿ. ಆ ಮಾದರಿಗೇ ಅಂಟಿದ ರೋಗ ಯಾವುದು, ಅದರ ಔಷಧದ ಖರ್ಚೆಷ್ಟು ಎಂದು ಮೊದಲೇ ತಿಳಿದುಕೊಳ್ಳಿ. ವಿಮೆ ಮತ್ತು ಟೈರಿನ ಬೆಲೆ ವಿಚಾರಿಸಿ. 15 ವರ್ಷ ದಾಟಿದ ಕಾರಾದರೆ ಫಿಟ್‌ನೆಸ್ ಪರೀಕ್ಷೆ, ಮರುನೋಂದಣಿಯ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಲ್ಲ ಕೂಡಿಸಿದ ಮೇಲೆ ರಿಪೇರಿಗೆಂದೇ ಎತ್ತಿಟ್ಟ ದುಡ್ಡು ಬೇರೆ ಇದೆಯೇ ನೋಡಿ. ಇದ್ದರೆ ಧೈರ್ಯವಾಗಿ ಕೊಳ್ಳಿ. ಇಲ್ಲದಿದ್ದರೆ ಒಂದೆರಡು ವರ್ಷ ಬಸ್ಸು, ಬೈಕು ಸಾಕು. ಮೊದಲ ಸಂಬಳಕ್ಕೆ ಮನೆಯಲ್ಲಿ ಕಾಯುತ್ತಿರುವವರು ಬೇರೆ ಇದ್ದಾರೆ.