ಬಿಡಿಎಸ್‌ಎಂ: ಕಾಯಿಲೆಯೋ, ಹಿಂಸೆಯೋ, ಇಬ್ಬರೂ ಒಪ್ಪಿದ ಆಟವೋ?

ಸಂಗಾತಿ ಒಂದು ರಾತ್ರಿ "ನನ್ನ ಕೈ ಕಟ್ಟಿಹಾಕು" ಎಂದರೆ ಏನೆಂದುಕೊಳ್ಳಬೇಕು? ತಮಾಷೆಯೇ, ಮಾನಸಿಕ ಸಮಸ್ಯೆಯೇ? ಇದನ್ನು ಮನೆಯಲ್ಲಿ ಕೇಳುವಂತಿಲ್ಲ, ಸ್ನೇಹಿತರಲ್ಲಿ ಕೇಳಿದರೆ ನಗುತ್ತಾರೆ. ಕೊನೆಗೆ ಹೆಚ್ಚಿನವರು ಉತ್ತರ ಹುಡುಕುವುದು ಅಶ್ಲೀಲ ವಿಡಿಯೊಗಳಲ್ಲಿ. ಅಲ್ಲಿ ಹೊಡೆತ ಕಾಣುತ್ತದೆ, ಅದಕ್ಕೂ ಮೊದಲು ನಡೆಯಬೇಕಾದ ಮಾತುಕತೆ ಕಾಣುವುದಿಲ್ಲ. ಹಾಗಾಗಿ ಮೊದಲಿನಿಂದ ನೋಡೋಣ.

ಹಾಗೆಂದರೇನು?

ಬಿಡಿಎಸ್‌ಎಂ ಎಂಬುದು ಕೆಲವು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದ ಹೆಸರು. ಬಾಂಡೇಜ್ ಮತ್ತು ಡಿಸಿಪ್ಲಿನ್ ಎಂದರೆ ಕಟ್ಟುವುದು, ನಿಯಮಕ್ಕೆ ಒಳಪಡಿಸುವುದು. ಡಾಮಿನೆನ್ಸ್ ಮತ್ತು ಸಬ್‌ಮಿಷನ್ ಎಂದರೆ ಒಬ್ಬರು ಹಿಡಿತ ವಹಿಸುವುದು, ಇನ್ನೊಬ್ಬರು ಅದನ್ನು ಬಿಟ್ಟುಕೊಡುವುದು. ಸ್ಯಾಡಿಸಂ ಮತ್ತು ಮ್ಯಾಸೋಕಿಸಂ ಎಂದರೆ ನೋವು ಕೊಡುವುದರಲ್ಲಿ ಅಥವಾ ಪಡೆಯುವುದರಲ್ಲಿ ಸುಖ ಕಾಣುವುದು. 'ಕಿಂಕ್' ಇನ್ನೂ ವಿಶಾಲವಾದ ಪದ. ರೂಢಿಯಲ್ಲಿಲ್ಲದ ಯಾವುದೇ ಲೈಂಗಿಕ ಆಸಕ್ತಿಗೂ ಅದನ್ನು ಬಳಸುತ್ತಾರೆ.

ಇದರಲ್ಲಿ ನೋವು ಇರಲೇಬೇಕೆಂದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟುವುದು, ಪಾತ್ರ ವಹಿಸುವುದು, ಒಬ್ಬರ ಮಾತಿನಂತೆ ಇನ್ನೊಬ್ಬರು ನಡೆಯುವುದು, ಇವೂ ಇದರಲ್ಲಿ ಸೇರುತ್ತವೆ.

ತಪ್ಪು ಕಲ್ಪನೆ 1: ಇದು ವಿದೇಶದಿಂದ ಬಂದದ್ದು

ಹೆಸರು ಮಾತ್ರ ಹೊಸದು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಉಗುರಿನ ಗುರುತು, ಕಚ್ಚುವುದು, ಹೊಡೆಯುವುದು, ಈ ಮೂರಕ್ಕೂ ಬೇರೆ ಬೇರೆ ಅಧ್ಯಾಯಗಳೇ ಇವೆ. ಹೊಡೆತದ ಅಧ್ಯಾಯದಲ್ಲಿ ಎಚ್ಚರಿಕೆಯೂ ಇದೆ. ಕುಂತಲದ ರಾಜ ಶಾತಕರ್ಣಿ ಇಂಥ ಹೊಡೆತದಿಂದ ರಾಣಿ ಮಲಯವತಿಯ ಸಾವಿಗೆ ಕಾರಣನಾದ ಎಂದು ವಾತ್ಸ್ಯಾಯನ ಉದಾಹರಿಸುತ್ತಾನೆ. ಕುಂತಲವೆಂದರೆ ಇಂದಿನ ಉತ್ತರ ಕರ್ನಾಟಕದ ಭಾಗಗಳೂ ಸೇರಿದ್ದ ನಾಡು. ಇಂಥ ಆಸಕ್ತಿ, ಅದರ ಅಪಾಯ ಎರಡೂ ನಮ್ಮಲ್ಲಿ ಹಿಂದಿನಿಂದಲೇ ಗೊತ್ತಿದ್ದವು.

ತಪ್ಪು ಕಲ್ಪನೆ 2: ಇದು ಮಾನಸಿಕ ಕಾಯಿಲೆ

ಈ ನಂಬಿಕೆಗೆ ಇತಿಹಾಸವಿದೆ. 1886ರಲ್ಲಿ ಮನೋವೈದ್ಯ ಕ್ರಾಫ್ಟ್-ಎಬಿಂಗ್ ತನ್ನ ಗ್ರಂಥದಲ್ಲಿ ಇಂಥ ಆಸಕ್ತಿಗಳನ್ನು ರೋಗಗಳ ಸಾಲಿನಲ್ಲಿಟ್ಟ. ಇಂದಿನ ವೈದ್ಯಕೀಯ ನಿಲುವು ಬೇರೆ. 2013ರ ಅಮೆರಿಕದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಆಸಕ್ತಿ ಇದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಅದರಿಂದ ವ್ಯಕ್ತಿಗೆ ತೀವ್ರ ಸಂಕಟವಾದರೆ, ಬದುಕಿಗೆ ತೊಡಕಾದರೆ, ಅಥವಾ ಒಪ್ಪದವರ ಮೇಲೆ ಅದನ್ನು ಹೇರಿದರೆ ಮಾತ್ರ ರೋಗವೆಂದು ಪರಿಗಣಿಸಲಾಗುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಿಂದ ಸ್ಯಾಡೊಮ್ಯಾಸೋಕಿಸಂ ಹೊರಬಿತ್ತು. ಬಲವಂತದ ಲೈಂಗಿಕ ಕ್ರೌರ್ಯ ಮಾತ್ರ ಪಟ್ಟಿಯಲ್ಲಿ ಉಳಿಯಿತು.

2013ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಬಿಡಿಎಸ್‌ಎಂ ರೂಢಿಯಿರುವ 902 ಮಂದಿಯನ್ನು ಇತರ 434 ಮಂದಿಯೊಂದಿಗೆ ಹೋಲಿಸಿದರು. ಮೊದಲ ಗುಂಪಿನವರ ಮಾನಸಿಕ ಸ್ಥಿತಿ ಕೆಟ್ಟದಾಗಿರಲಿಲ್ಲ. ಕೆಲವು ಅಳತೆಗಳಲ್ಲಿ ಅವರೇ ಮೇಲಿದ್ದರು. ಇದರಿಂದ ಬಿಡಿಎಸ್‌ಎಂ ಮನಸ್ಸಿಗೆ ಒಳ್ಳೆಯದೆಂದು ಹೇಳಲಾಗದು. 'ಇವರೆಲ್ಲ ತಲೆಕೆಟ್ಟವರು' ಎಂಬ ಮಾತಿಗೆ ಆಧಾರವಿಲ್ಲ ಎಂದಷ್ಟೇ ಹೇಳಬಹುದು.

ತಪ್ಪು ಕಲ್ಪನೆ 3: ಆಜ್ಞೆ ಮಾಡುವವರದ್ದೇ ನಡೆಯುತ್ತದೆ

ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಇಬ್ಬರೂ ಮೊದಲೇ ಮಾತಾಡಿ ನಿರ್ಧರಿಸುತ್ತಾರೆ. ಯಾವುದು ಸರಿ, ಯಾವುದು ಬೇಡವೇ ಬೇಡ, ಆರೋಗ್ಯದ ತೊಂದರೆ ಏನಾದರೂ ಇದೆಯೇ ಎಂಬುದೆಲ್ಲ ಆಗಲೇ ಇತ್ಯರ್ಥವಾಗಬೇಕು. ಆಮೇಲೆ ಒಂದು 'ಸೇಫ್ ವರ್ಡ್' ಇಟ್ಟುಕೊಳ್ಳುತ್ತಾರೆ. ಟ್ರಾಫಿಕ್ ಸಿಗ್ನಲ್ ಬಣ್ಣಗಳು ಇದಕ್ಕೆ ಸುಲಭ: 'ಹಳದಿ' ಎಂದರೆ ನಿಧಾನ, 'ಕೆಂಪು' ಎಂದರೆ ತಕ್ಷಣ ನಿಲ್ಲಿಸು. ಮಾತಾಡಲು ಆಗದ ಸ್ಥಿತಿಯಿದ್ದರೆ ಕೈಯಲ್ಲಿ ಕೀಗೊಂಚಲು ಹಿಡಿದಿದ್ದು ಬೀಳಿಸಬಹುದು. 'ಕೆಂಪು' ಎಂದ ಮೇಲೆ 'ಯಾಕೆ' ಎಂದು ಕೇಳುವ ಮೊದಲು ನಿಲ್ಲಿಸಬೇಕು.

ಮುಗಿದ ಮೇಲೆ ನೀರು, ಹೊದಿಕೆ, ಪಕ್ಕದಲ್ಲಿ ಕೂತು ನಾಲ್ಕು ಮಾತು ಬೇಕು. ಇದನ್ನು 'ಆಫ್ಟರ್‌ಕೇರ್' ಎನ್ನುತ್ತಾರೆ. ಉದ್ವೇಗ ಇಳಿದಾಗ ಕೆಲವರಿಗೆ ಅಳು, ಬೇಸರ, ಸುಸ್ತು ಬರುವುದುಂಟು. ಅದು ಮರುದಿನವೂ ಬರಬಹುದು.

ದೇಹದ ಮಿತಿಗಳು

ಒಪ್ಪಿಗೆ ಇದ್ದ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ. ಕತ್ತು ಹಿಸುಕುವುದಕ್ಕೆ ಸುರಕ್ಷಿತ ವಿಧಾನವೇ ಇಲ್ಲ. ಮೆದುಳಿಗೆ ರಕ್ತ ನಿಂತರೆ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಹೊರಗೆ ಗುರುತು ಕಾಣದೆಯೂ ಒಳಗೆ ಹಾನಿಯಾಗಬಹುದು. ಹಗ್ಗ ಬಿಗಿಯಾದರೆ ನರಕ್ಕೆ ಒತ್ತಡ ಬೀಳುತ್ತದೆ. ಕೈ ಜೋಮು ಹಿಡಿದರೆ, ಬೆರಳು ಆಡದಿದ್ದರೆ ಕೂಡಲೇ ಬಿಚ್ಚಬೇಕು. ಕತ್ತರಿ ಕೈಗೆಟಕುವಂತಿರಲಿ. ಕಟ್ಟಿಹಾಕಿದವರನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಕುಡಿದಿದ್ದರೆ ಆರಂಭಿಸಲೇಬಾರದು. ಹೊಡೆತವಿದ್ದರೆ ಮೂತ್ರಪಿಂಡಗಳಿರುವ ಜಾಗ, ಬೆನ್ನೆಲುಬು, ಕುತ್ತಿಗೆ, ತಲೆ ಇವನ್ನು ಮುಟ್ಟಕೂಡದು.

ಹಿಂಸೆಯನ್ನು ಗುರುತಿಸುವುದು ಹೇಗೆ?

ನಮಗೆ ಮುಖ್ಯವೆನಿಸುವ ಪ್ರಶ್ನೆ ಇದು. 'ಇದೆಲ್ಲ ಈಗ ಕಾಮನ್' ಎಂದು ಹೇಳಿ ಹೆಂಡತಿಯನ್ನೋ ಗೆಳತಿಯನ್ನೋ ಹೊಡೆಯುವವನು ಮಾಡುತ್ತಿರುವುದು ಬಿಡಿಎಸ್‌ಎಂ ಅಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲೇ ಕೇಳಿದ್ದರೇ? 'ಬೇಡ' ಎಂದಾಗ ನಿಲ್ಲಿಸಿದರೇ? 'ಬೇಡ' ಎಂದರೆ ಸಿಟ್ಟು, ಮೌನ, ಬೆದರಿಕೆ ಎದುರಿಸಬೇಕಾದೀತೆಂಬ ಭಯ ಇದೆಯೇ? ಭಯದಿಂದ ಹೇಳಿದ 'ಹೂಂ' ಒಪ್ಪಿಗೆಯಲ್ಲ. ನಿನ್ನೆಯ 'ಹೂಂ' ಇವತ್ತಿಗೆ ಅನ್ವಯಿಸುವುದಿಲ್ಲ.

ಕಾನೂನೂ ಒಪ್ಪಿಗೆಗೆ ಗಡಿ ಹಾಕಿದೆ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಭಯದಿಂದ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ತೀವ್ರ ಗಾಯ ಮಾಡುವ ಉದ್ದೇಶದಿಂದ, ಅಥವಾ ಹಾಗಾಗಬಹುದೆಂದು ತಿಳಿದೇ ಮಾಡಿದ ಕೃತ್ಯಕ್ಕೆ 'ಅವರೇ ಒಪ್ಪಿದ್ದರು' ಎಂಬ ಸಮರ್ಥನೆ ನಿಲ್ಲುವುದಿಲ್ಲ. 18 ವರ್ಷದೊಳಗಿನವರ ವಿಷಯದಲ್ಲಿ ಒಪ್ಪಿಗೆಯ ಪ್ರಶ್ನೆಯೇ ಇಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಲೈಂಗಿಕ ದೌರ್ಜನ್ಯವೂ ಹಿಂಸೆಯೇ. ಮಾಡಿದವನು ಗಂಡನೆಂಬ ಕಾರಣಕ್ಕೆ ಅದು ಬದಲಾಗುವುದಿಲ್ಲ. ನೆರವಿಗೆ ಮಹಿಳಾ ಸಹಾಯವಾಣಿ 181 ಇದೆ, ಮನಸ್ಸಿನ ತೊಳಲಾಟಕ್ಕೆ ಟೆಲಿ-ಮಾನಸ್ 14416 ಇದೆ.

ಮೊದಲ ಪ್ರಶ್ನೆಗೆ ಮರಳೋಣ. ಸಂಗಾತಿ ಹಾಗೆ ಕೇಳಿದರೆ ಒಪ್ಪಲೇಬೇಕೆಂದಿಲ್ಲ, ಹೀಯಾಳಿಸಬೇಕಾಗಿಯೂ ಇಲ್ಲ. "ನನಗಿದು ಇಷ್ಟವಿಲ್ಲ" ಎಂಬುದು ಪೂರ್ತಿ ಉತ್ತರ. "ಸ್ವಲ್ಪ ವಿವರಿಸು, ಯೋಚಿಸುತ್ತೇನೆ" ಎಂಬುದೂ ಒಳ್ಳೆಯ ಉತ್ತರವೇ.