ನಾಲ್ಕನೇ ಇಯತ್ತೆಯ ಸಂಜೆ

ಒಂದು, ಎರಡನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡುವಂತಿಲ್ಲ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆಯಷ್ಟು ಕೊಡಬಹುದು. ಇದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಮಾತು. ನಮ್ಮ ರಾಜ್ಯ ಸರ್ಕಾರ 2019ರಲ್ಲೇ ಬ್ಯಾಗಿನ ತೂಕಕ್ಕೆ ಮಿತಿ ಹಾಕಿ, ಮೊದಲೆರಡು ತರಗತಿಗೆ ಹೋಂವರ್ಕ್ ಬೇಡ ಎಂದಿತ್ತು. ದಾಂಡೇಲಿ ಪೇಟೆಯಲ್ಲಿ ಯಾವ ತಾಯಿಯ ಮುಂದಾದರೂ ಈ ಲೆಕ್ಕ ಹೇಳಿ ನೋಡಿ, ನಕ್ಕುಬಿಡುತ್ತಾರೆ. ಯುಕೆಜಿ ಕೂಸಿನ ಡೈರಿಯಲ್ಲೇ ದಿನಾ ಎರಡು ಪುಟ ಕಾಪಿ ಇರುತ್ತದೆ. ತಪ್ಪು ಶಾಲೆಯದ್ದಷ್ಟೇ ಅಲ್ಲ. ಒಂದು ದಿನ ಡೈರಿ ಖಾಲಿ ಬಂದರೆ ಮರುದಿನ ಗೇಟಿನಲ್ಲೇ ಪ್ರಶ್ನೆ: ‘ನಿನ್ನೆ ಏನೂ ಬರಿಲಿಕ್ಕೆ ಕೊಟ್ಟಿಲ್ಲೇನ್ರಿ, ಟೀಚರ್?’ ಮಗ ಬರೆಯುತ್ತ ಕೂತರೆ ಕಟ್ಟಿದ ಫೀ ದಂಡವಾಗಲಿಲ್ಲ ಎಂಬ ಸಮಾಧಾನ.

ಅದೇ ಕಾಳಿ ನದಿಯ ಮೇಲ್ದಂಡೆಯ ಜೋಯಿಡಾಕ್ಕೆ ಹೋದರೆ ಸಮಸ್ಯೆಯ ಮುಖವೇ ಬೇರೆ. ಸೂಪಾ ಅಣೆಕಟ್ಟೆಗಾಗಿ ಹಳೆಯ ಸೂಪಾ ಪೇಟೆ ಮುಳುಗಿ, ತಾಲ್ಲೂಕು ಕಚೇರಿಗಳು ಜೋಯಿಡಾಕ್ಕೆ ಬಂದವು. ಆ ನೀರಿನಿಂದ ನಾಗಝರಿಯಲ್ಲಿ ಕರೆಂಟು ತಯಾರಾಗುತ್ತದೆ. ಆದರೆ ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಕಾಡಿನೊಳಗಿನ ಮಜಿರೆಗಳಿಗೆ ದಿನಗಟ್ಟಲೆ ಕತ್ತಲು. ಶಾಲೆಯಿಂದ ನಡೆದು ಬಂದ ಹುಡುಗಿ ದನ ಕಟ್ಟಿ, ತಮ್ಮನನ್ನು ಎತ್ತಿಕೊಂಡು, ಒಲೆಯ ಬೆಳಕಿನಲ್ಲಿ ಪಟ್ಟಿ ಬಿಚ್ಚಬೇಕು. ಎದುರಿಗೆ ಅವ್ವ ಇದ್ದಾಳೆ, ಅಕ್ಷರ ಗೊತ್ತಿಲ್ಲ. ಗೊತ್ತಿದ್ದರೂ ಮನೆಯ ಮಾತು ಕನ್ನಡವಲ್ಲ. ಕುಣಬಿಗಳದ್ದು ಕೊಂಕಣಿ, ಗೌಳಿಗಳದ್ದು ಮರಾಠಿಯ ಬಗೆ, ಹಳಿಯಾಳ, ಮುಂಡಗೋಡದ ಸಿದ್ದಿಗಳದ್ದೂ ಕೊಂಕಣಿ ಬೆರೆತ ನುಡಿ. ‘ಪಾಲಕರ ನೆರವಿನಿಂದ ಬರೆಯಿರಿ’ ಎಂಬ ಸೂಚನೆಯನ್ನು ಈ ಮಗು ಯಾರಿಗೆ ಓದಿ ಹೇಳಬೇಕು?

ಮೂರನೇ ಇಯತ್ತೆಯವರೆಗೆ ಇದು ಅಷ್ಟಾಗಿ ಕಾಡುವುದಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಾರ್ಡು ಹಿಡಿದು, ಮೆಟ್ಟಿಲು ಹತ್ತಿ, ಗುಂಪಿನಲ್ಲಿ ಕೂತು ಕಲಿಯುವ ಆ ಪದ್ಧತಿಯಲ್ಲಿ ಹೆಚ್ಚಿನ ಕೆಲಸ ಶಾಲೆಯಲ್ಲೇ ಮುಗಿಯುತ್ತದೆ. ನಾಲ್ಕಕ್ಕೆ ಕಾಲಿಟ್ಟ ಕೂಡಲೇ ಕಾರ್ಡು ಹೋಗಿ ಪ್ರಶ್ನೋತ್ತರ ಬರುತ್ತದೆ, ಮಗ್ಗಿ ಬರುತ್ತದೆ, ‘ಮನೆಯಿಂದ ಬರೆದುಕೊಂಡು ಬಾ’ ಬರುತ್ತದೆ. ಮಗು ಮುಗ್ಗರಿಸುವುದು ಇಲ್ಲಿ. ಬರೆಯದೆ ಹೋದರೆ ಅಕ್ಕೋರು ಬೈತಾರೆಂದು ಶಾಲೆಯನ್ನೇ ತಪ್ಪಿಸುವ ಮಕ್ಕಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಹೋಂವರ್ಕೇ ಬೇಡ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಮನೆಗೆ ಗೊತ್ತಿರುವುದನ್ನು ಕೇಳಿ ಎನ್ನುತ್ತೇನೆ. ಸಿದ್ದಿ ಹೆಂಗಸರು ಹೊಲಿಯುವ ಕವದಿಯನ್ನೇ ನೋಡಿ. ಹಳೆ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂವು ಕೂರಿಸದಿದ್ದರೆ ಕವದಿ ಮುಗಿದಂತಲ್ಲ. ಚೌಕ ಎಷ್ಟು, ಆಯತ ಎಷ್ಟು, ಒಂದು ಹೂವಿಗೆ ಎಷ್ಟು ಮಡಿಕೆ ಎಂದು ಅಜ್ಜಿಯನ್ನು ಕೇಳಿ ಬರೆದು ತಂದರೆ ಗಣಿತದ ಒಂದು ಪಾಠ ಆಯಿತು. ಜೋಯಿಡಾದ ಕುಣಬಿ ಮನೆಯಲ್ಲಾದರೆ ಹಿತ್ತಲ ಗಡ್ಡೆಗಳ ಪಟ್ಟಿ: ಯಾವುದನ್ನು ಯಾವಾಗ ನೆಡುತ್ತಾರೆ, ಎಂದು ಕೀಳುತ್ತಾರೆ. ಇಂಥ ಹೋಂವರ್ಕಿಗೆ ಅವ್ವನಿಗೆ ಅಕ್ಷರ ಬರಬೇಕಿಲ್ಲ. ದೀಪ ಹೋದರೂ ನಡೆಯುತ್ತದೆ, ಕೇಳಿದ್ದನ್ನು ಬೆಳಿಗ್ಗೆ ಬರೆದರಾಯಿತು.

ಆದರೆ ಬರೆದು ತಂದದ್ದನ್ನು ಕೇಳುವವರೂ ಬೇಕು. ಮುಂಡಗೋಡದ ಟಿಬೆಟನ್ ಕಾಲೊನಿಯ ಮಠಗಳಲ್ಲಿ ಎಳೆಯ ಭಿಕ್ಷುಗಳು ಪುಟಗಟ್ಟಲೆ ಬಾಯಿಪಾಠ ಮಾಡುತ್ತಾರೆ. ಹೊರೆಯೇನೋ ಅಲ್ಲೂ ಕಡಿಮೆಯಿಲ್ಲ. ಆದರೆ ಕಲಿತದ್ದನ್ನು ಗುರುವಿನ ಮುಂದೆ ಒಪ್ಪಿಸಬೇಕು, ಮುಂದೆ ಅಂಗಳದಲ್ಲಿ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುವ ಜೊತೆಗಾರನ ಎದುರು ನಿಲ್ಲಿಸಬೇಕು. ಕೇಳುವವರು ಇದ್ದೇ ಇರುತ್ತಾರೆ. ನಮ್ಮಲ್ಲಿ ಬಿಸಿಯೂಟ, ದಾಖಲಾತಿ, ಮೊಬೈಲಿಗೆ ತುಂಬುವ ಮಾಹಿತಿಗಳ ನಡುವೆ ಮಾಸ್ತರರು ಪಟ್ಟಿಯ ಮೇಲೊಂದು ಕೆಂಪು ಗೀಟು ಎಳೆದು ದಿನಾಂಕ ಹಾಕುತ್ತಾರೆ. ಓದಲು ಪುರಸೊತ್ತಿಲ್ಲ. ದಾಂಡೇಲಿಯ ತುಂಬಿದ ತರಗತಿಯಲ್ಲಿ ಒಬ್ಬೊಬ್ಬರದನ್ನೂ ಕೇಳುತ್ತ ಕೂರುವುದು ಕಷ್ಟ, ಒಪ್ಪೋಣ. ಜೋಯಿಡಾದ ಎಷ್ಟೋ ಶಾಲೆಗಳಲ್ಲಿ ಇರುವವರೇ ಎಂಟು-ಹತ್ತು ಮಕ್ಕಳು. ಮಕ್ಕಳಿಲ್ಲವೆಂದು ಮುಚ್ಚುವ ಮಾತು ಬರುವ ಆ ಶಾಲೆಗಳಲ್ಲಿ, ಪ್ರಾರ್ಥನೆ ಮುಗಿದ ಮೇಲಿನ ಅರ್ಧ ತಾಸಿನಲ್ಲಿ ಪ್ರತಿ ಮಗುವೂ ಅಜ್ಜಿ ಹೇಳಿದ್ದನ್ನು ನಿಂತು ಹೇಳಬಹುದು.